ಅಳಿಯ ಹಾಕಿಕೊಟ್ಟ ಟೈರು

ನನ್ನ ಮಗಳ ಗಂಡ ಹತ್ತರಗಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಟೈರಿನ ಅಂಗಡಿ ಇಟ್ಟಿದ್ದ. ಅಂಗಡಿ ಅಂದರೆ ಮೇಲೆ ನಾಲ್ಕು ತಗಡು, ಒಳಗೆ ಗಾಳಿ ತುಂಬುವ ಯಂತ್ರ, ಹೊರಗೆ ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ. ಕೊಲ್ಹಾಪುರಕ್ಕೆ ಹೋಗುವ ಲಾರಿ, ಬೆಳಗಾವಿಗೆ ಹೋಗುವ ಲಾರಿ ಅಲ್ಲಿ ನಿಲ್ಲುತ್ತಿದ್ದವು. ಅವನ ಕೈ ಒಳ್ಳೆಯದು ಎಂದು ಡ್ರೈವರುಗಳು ಹೇಳುತ್ತಿದ್ದರಂತೆ. ನನಗೆ ಅದು ಬೇಕಾಗಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಅವನ ಉಗುರು. ನಮ್ಮ ಮನೆಗೆ ಬಂದಾಗ ಮೊದಲು ಸೀಮೆಎಣ್ಣೆ, ಆಮೇಲೆ ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದುಕೊಂಡೇ ಊಟಕ್ಕೆ ಕೂಡುತ್ತಿದ್ದ. ಆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ರೊಟ್ಟಿ ಬಡಿಸುವಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆ ಸಂಬಂಧ ಗೊತ್ತು ಮಾಡಿದವರು ನಮ್ಮ ಯಜಮಾನರು. "ಹೊಲ ಇಲ್ಲದಿದ್ರ ಏನಾತು, ಕೈಯಾಗ ವಿದ್ಯಾ ಐತಿ" ಅಂದರು. ನಾನು ನೀರಾವರಿ ಹೊಲ ಇದ್ದ ಬೇರೊಬ್ಬ ವರನನ್ನು ನೋಡಿಟ್ಟಿದ್ದೆ. ನನ್ನ ಮಾತು ನಡೆಯಲಿಲ್ಲ. ಅವರು ತೀರಿಕೊಂಡ ಮೇಲೂ ಆ ಸಿಟ್ಟು ನನ್ನೊಳಗೆ ಉಳಿಯಿತು. ಸತ್ತವರ ಮೇಲೆ ತೀರಿಸಿಕೊಳ್ಳಲು ಬರುವುದಿಲ್ಲವಲ್ಲ, ಅಳಿಯನ ಮೇಲೆ ತಿರುಗಿಸಿದೆ. ಬಾಯಿಂದ ಏನೂ ಅನ್ನುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಎದುರಿಗೆ ನಿಂತು ಮಾತಾಡುವ ರೂಢಿ ಇರಲಿಲ್ಲ. ಸೆರಗು ಹೊದ್ದು, ಬಾಗಿಲ ಮರೆಗೆ ನಿಂತು, ಮಗಳ ಬಾಯಿಂದ ಕೇಳಿಸಬೇಕು. "ಇನ್ನೊಂದು ರೊಟ್ಟಿ ಹಾಕ್ಲೇನು ಕೇಳವಾ" ಎಂದು ನಾನು ಮಗಳಿಗೆ ಅಂದರೆ, ಅವನು ತಾಟಿನ ಕಡೆಗೇ ನೋಡಿಕೊಂಡು "ಸಾಕು ಅಂತ ಹೇಳು" ಅನ್ನುತ್ತಿದ್ದ. ಮದುವೆಯಾಗಿ ಆರು ವರ್ಷದಲ್ಲಿ ನಾವಿಬ್ಬರೂ ನೇರವಾಗಿ ನಾಲ್ಕು ಮಾತು ಆಡಿರಲಿಲ್ಲ.

ನಮ್ಮ ಊರು ಮೂಡಲಗಿಯ ಹತ್ತಿರ. ಮೂಡಲಗಿ ಆಗಿನ್ನೂ ತಾಲೂಕು ಆಗಿರಲಿಲ್ಲ. ಮಗಳಿಗಿಂತ ಸಣ್ಣವನಾದ ನನ್ನ ಮಗ ದನಗಳಿಗೆ ಸೂಜಿ ಮಾಡುವ, ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಕೆಲಸ ಮಾಡುತ್ತಿದ್ದ. ಇವತ್ತು ಗೋಕಾಕದ ಕಡೆ, ನಾಳೆ ಹುಕ್ಕೇರಿಯ ಕಡೆ. ಎಮ್ಮೆ ಬೆದೆಗೆ ಬಂದರೆ ನಮ್ಮ ಅನುಕೂಲ ನೋಡಿಕೊಂಡು ಕಾಯುವುದಿಲ್ಲ. ಕಿರಾಣಿ ಅಂಗಡಿಯ ಫೋನಿಗೆ ಸುದ್ದಿ ಬಂದ ಕೂಡಲೇ ಮೋಟಾರ್ ಸೈಕಲ್ ಹತ್ತಬೇಕು. ಆ ಗಾಡಿಯ ಎರಡೂ ಟೈರು ಬೋಳಾಗಿದ್ದವು. ಮಿರಗದ ಮಳೆ ಶುರುವಾಗುವ ಹೊತ್ತು. ಮಗಳೇ ಮುಂದೆ ಬಿದ್ದು ಅಂದಳು: "ತಮ್ಮಾ, ಬ್ಯಾರೆಯವರ ಕಡೆ ಯಾಕ ತಗೋತಿ? ಇವರ ತಂದು ಹಾಕಿಕೊಡ್ತಾರ."

ಒಂದು ರವಿವಾರ ಬೆಳಿಗ್ಗೆ ಇಬ್ಬರೂ ಬಂದರು. ಬಸ್ಸಿನ ಮೇಲಿಂದ ಎರಡು ಟೈರು ಇಳಿಸಿಕೊಂಡು, ತೋಳಿಗೆ ಒಂದೊಂದು ಸಿಕ್ಕಿಸಿಕೊಂಡು ಅಳಿಯ ನಡೆದು ಬಂದ. ಹಿಂದೆ ಮಗಳು, ಸೊಂಟದ ಮೇಲೆ ಮೊಮ್ಮಗಳು, ಕೈಯಲ್ಲಿ ಸಾಮಾನಿನ ಚೀಲ. ಚಹಾ ಕುಡಿದವನೇ ಅಂಗಳದ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕೆಲಸಕ್ಕೆ ಕೂತ. ಮಗ ಮನೆಯಲ್ಲಿರಲಿಲ್ಲ, ಊರಲ್ಲೇ ಯಾರದೋ ಆಕಳು ಈಯಲು ಕಷ್ಟಪಡುತ್ತಿತ್ತು, ಅಲ್ಲಿಗೆ ಹೋಗಿದ್ದ.

ಅಳಿಯ ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಸಾಲಿನಲ್ಲೇ ಗೋಣಿಯ ಮೇಲೆ ಇಡುತ್ತಿದ್ದ. ನಾವು ಹಪ್ಪಳ ಒಣಹಾಕಿದ ಹಾಗೆ ಇತ್ತು ಅದು, ಒಂದಕ್ಕೊಂದು ತಾಗದ ಹಾಗೆ. ಹಿಂದಿನ ಗಾಲಿ ಮುಗಿಸಿ ಮುಂದಿನದಕ್ಕೆ ಬಂದಿದ್ದ.

ನಾನು ಸಜ್ಜಕ ಮಾಡಬೇಕಾಗಿತ್ತು. ಅಳಿಯನ ಮೇಲೆ ಮನಸ್ಸಿಲ್ಲದಿದ್ದರೂ ಅವನಿಗೆ ಸಿಹಿ ಮಾಡದೆ ಬಿಡುವಂತಿಲ್ಲ. ಓಣಿಯ ಬಾಯಿ ಯಾರು ಮುಚ್ಚುತ್ತಾರೆ? ಗಿರಣಿಯವನು ಗೋಧಿಯನ್ನು ಹಿಟ್ಟು ಮಾಡಿಬಿಡುತ್ತಾನೆ, ಸಜ್ಜಕಕ್ಕೆ ಬೇಕಾದ ದಪ್ಪ ರವೆ ಮನೆಯ ಬೀಸುಕಲ್ಲಿನಲ್ಲೇ ಆಗಬೇಕು. ನಮ್ಮ ಬೀಸುಕಲ್ಲಿನ ನಡುವಿನ ಗೂಟದ ಸುತ್ತ ಕಲ್ಲು ಸವೆದು ತಗ್ಗು ಬಿದ್ದಿತ್ತು. ಮೇಲಿನ ಕಲ್ಲು ಕೆಳಗಿನದರ ಮೇಲೆ ಅಂಟಿ ಕೂಡುತ್ತಿತ್ತು, ಏನು ಹಾಕಿದರೂ ಹಿಟ್ಟೇ. ರವೆ ಬೇಕಾದರೆ ಮೇಲಿನ ಕಲ್ಲನ್ನು ಒಂದು ಕಾಳಿನಷ್ಟು ಎತ್ತರಿಸಬೇಕು. ಅದಕ್ಕೆ ಗೂಟಕ್ಕೆ ಅರಿವೆ ಸುತ್ತುತ್ತಿದ್ದೆ. ಅರಿವೆ ಸವೆದು ರವೆಯಲ್ಲಿ ಎಳೆ ಬರುತ್ತಿದ್ದವು.

ಅರಿವೆ ಹುಡುಕಲು ಹೊರಗೆ ಬಂದೆ. ಅಳಿಯ ಟ್ಯೂಬು ಹಿಡಿದುಕೊಂಡು ಹಿತ್ತಲಿನಲ್ಲಿ ದನ ನೀರು ಕುಡಿಯುವ ಬಾನಿಯ ಕಡೆ ಹೋಗಿದ್ದ. ಗೋಣಿಯ ಮೇಲೆ ಒಂದು ಕಬ್ಬಿಣದ ಬಳೆ ಇತ್ತು. ಕಿರುಬೆರಳಿನ ಉಗುರಿನಷ್ಟು ಎತ್ತರ, ದಪ್ಪ ಅಂಚು. ನೋಡಿದ ಕೂಡಲೇ ನನಗೆ ಗೂಟದ ಅಳತೆ ಕಂಡಿತು. ಎತ್ತಿಕೊಂಡು ಹೋಗಿ ಸೆರಗಿನಿಂದ ಎಣ್ಣೆ ಒರೆಸಿ ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಲೆ ಕಲ್ಲು ಇಟ್ಟು ತಿರುವಿದರೆ ಎಂಥ ರವೆ! ಜರಡಿ ಹಿಡಿಯುವುದೇ ಬೇಡ.

ಅರ್ಧ ಸೇರು ಬೀಸಿರಬೇಕು, ಮಗಳು ಬಾಗಿಲಿಗೆ ಬಂದಳು.

"ಅವ್ವಾ, ಗೋಣಿ ಮ್ಯಾಲ ಒಂದ ಕಬ್ಬಿಣದ ಬಳಿ ಇತ್ತಂತ. ಕಂಡೇನು?"

ಬೀಸುವ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಹೇಳಿಕೊಳ್ಳಬಹುದು. ಕೇಳಿಸಿತ್ತು.

"ನನಗ್ಯಾಕ ಬೇಕ ಅವನ ಕಬ್ಬಿಣ? ನಾ ಕಂಡಿಲ್ಲ" ಅಂದೆ.

ಯಾಕೆ ಹಾಗೆ ಅಂದೆ ಎಂದು ಆಮೇಲೆ ನನಗೆ ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಕಲ್ಲು ಎತ್ತಬೇಕಾಗುತ್ತಿತ್ತು, ಸುತ್ತಲಿನ ಗೋಧಿ ಎಲ್ಲ ಚೆಲ್ಲುತ್ತಿತ್ತು, ಮತ್ತೆ ಅರಿವೆ ಸುತ್ತಬೇಕಾಗುತ್ತಿತ್ತು. ಅಂಥವು ಅವನ ಚೀಲದಲ್ಲಿ ಹತ್ತು ಇರುತ್ತವೆ ಎಂದೂ ಅನಿಸಿತು. ಇವೆಲ್ಲ ಖರೆ. ಆದರೆ ಮಗ ಕೇಳಿದ್ದರೆ ಕಲ್ಲು ಎತ್ತಿ ಕೊಡುತ್ತಿದ್ದೆ. ಇದೂ ಖರೆ.

ಅವನು ಗೋಣಿ ಎತ್ತಿ ಝಾಡಿಸಿದ. ಮಣ್ಣಿನಲ್ಲಿ ಕೈಯಾಡಿಸಿದ. ಮರದ ಬುಡ, ಕಲ್ಲಿನ ಸಂದಿ ಎಲ್ಲ ನೋಡಿದ. ಇನ್ನೊಮ್ಮೆ ಕೇಳಲಿಲ್ಲ. ಕಡೆಗೆ ಚೀಲದಿಂದ ಎರಡು ವಾಷರು ತೆಗೆದು, ಒಂದರ ಮೇಲೊಂದು ಇಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇನ್ನೊಂದು ತೆಗೆದು ಇಟ್ಟು, ಗಾಲಿ ಕೂಡಿಸಿದ. ಗಾಲಿ ತಿರುಗಿಸಿ ಅದರ ಹತ್ತಿರ ಕಿವಿ ಇಟ್ಟು ಕೇಳುತ್ತ ಕೂತಿದ್ದ. ಮುಖದ ಮೇಲೆ ಸಮಾಧಾನ ಇರಲಿಲ್ಲ. ನಾನು ಬಾಗಿಲ ಮರೆಯಿಂದ ನೋಡಿದೆ, ಒಳಗೆ ಹೋಗಿ ಬೆಲ್ಲ ಕುಟ್ಟಿದೆ.

ಮಧ್ಯಾಹ್ನ ಸಜ್ಜಕದ ಮೇಲೆ ತುಪ್ಪ ಹಾಕಿ ಬಡಿಸಿದೆ. ಅವನು ಎರಡು ಸಲ ಹಾಕಿಸಿಕೊಂಡ. ಸಂಜೆಯ ಬಸ್ಸಿಗೆ ಹೋದರು. ಬಳೆ ಬೀಸುಕಲ್ಲಿನೊಳಗೇ ಉಳಿಯಿತು. ನಾನು ಅದನ್ನು ಮರೆತೇಬಿಟ್ಟೆ.

ಗಾಡಿಯ ಕಾಟ ಮರುದಿನವೇ ಶುರುವಾಯಿತು. "ಅವ್ವಾ, ನಲವತ್ತರ ಮ್ಯಾಲ ಹೋದ್ರ ಹ್ಯಾಂಡಲ್ ನಡಗಾಕತ್ತೈತಿ. ಮೈಯಾಗ ದೆವ್ವ ಬಂದಂಗ ಮಾಡತೈತಿ" ಅಂದ ಮಗ. ಮುಂದಿನ ಬ್ರೇಕು ಹಿಡಿದರೆ ಒಂದು ಬದಿಗೆ ಎಳೆಯುತ್ತಿತ್ತು. ಹೊಸ ಟೈರು, ನಾಲ್ಕು ದಿನ ಓಡಿದರೆ ಸರಿಹೋಗುತ್ತದೆ ಎಂದು ತಡೆದ. ಸರಿಹೋಗಲಿಲ್ಲ.

ಮೂಡಲಗಿಯ ಮಿಸ್ತ್ರಿ ಗಾಳಿ ಜಾಸ್ತಿಯಾಗಿದೆ ಎಂದು ಗಾಳಿ ಬಿಟ್ಟ. ನಡುಕ ಹೋಗಲಿಲ್ಲ. ಗೋಕಾಕದವನು ಟೈರು ರಿಮ್ಮಿನಲ್ಲಿ ಸರಿಯಾಗಿ ಕೂತಿಲ್ಲ ಎಂದು ಗಾಳಿ ಪೂರ್ತಿ ತೆಗೆದು, ಸಾಬೂನು ನೀರು ಹಚ್ಚಿ, ಮತ್ತೆ ತುಂಬಿ ಕೂಡಿಸಿದ. "ಯಾವ ಪುಣ್ಯಾತ್ಮ ಹಾಕ್ಯಾನ್ರಿ ಇದನ್ನ? ಚಕ್ಕಡಿ ಗಾಲಿ ಕೂಡಸಾಂವ ಇರಬೇಕ" ಅಂದನಂತೆ. ಮಗನಿಗೆ ಆ ಮಾತು ಹತ್ತಿತು. ಗೋಕಾಕ ಫಾಲ್ಸಿನಲ್ಲಿ ಮಿಲ್ಲಿನ ಹತ್ತಿರ ಒಬ್ಬ ಗಾಲಿಯ ಕಡ್ಡಿಗಳು ಸಡಿಲಾಗಿವೆ ಎಂದು ಒಂದೊಂದನ್ನೂ ಬಿಗಿದ. ಇನ್ನೊಬ್ಬ ಹ್ಯಾಂಡಲಿನ ಕೆಳಗಿನ ಗುಂಡುಗಳನ್ನು ಬದಲಿಸಿದ. ಪ್ರತಿಯೊಬ್ಬನೂ ಹಿಂದಿನವನನ್ನು ಬೈದ, ಎಲ್ಲರೂ ಕೂಡಿ ಮೊದಲನೆಯವನನ್ನು ಬೈದರು. ಮೊದಲನೆಯವನು ನನ್ನ ಅಳಿಯ. ಮಗ ಮನೆಗೆ ಬಂದು ಅದನ್ನೆಲ್ಲ ಹೇಳುವಾಗ ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನನಗೆ ಹಿತವಾಗುತ್ತಿತ್ತು. ನಾನು ಮೊದಲೇ ಹೇಳಿರಲಿಲ್ಲವೇ ಅನ್ನುವ ಹಿತ. "ನಿಮ್ಮಪ್ಪನ ಆರಿಸಿ ತಂದ ಅಳಿಯ" ಎಂದು ಒಂದು ಸಲ ಬಾಯಿಬಿಟ್ಟೂ ಅಂದೆ.

ಅದೇ ವಾರ ಫಾಲ್ಸಿನ ಇಳಿಜಾರಿನಲ್ಲಿ ಹಸಿ ರಸ್ತೆಯ ಮೇಲೆ ಗಾಡಿ ಜಾರಿ ಮಗ ಬಿದ್ದ. ಮೊಣಕೈ, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಎಲುಬು ಮುರಿಯಲಿಲ್ಲ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಬ್ರೇಕು ಹಾಕದಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು. ಅರಿಶಿನ ಹಚ್ಚುವಾಗ ನನಗೂ ಸಿಟ್ಟು ಬಂತು. ಅಳಿಯನ ಮೇಲೆ.

ಎಂಟು ದಿನದ ಮೇಲೆ ಮಗ ಹುಕ್ಕೇರಿಗೆ ಹೋದಾಗ ಅಲ್ಲಿನ ಒಬ್ಬ ವಯಸ್ಸಾದ ಮಿಸ್ತ್ರಿಗೆ ಗಾಡಿ ತೋರಿಸಿದ. ಅವನು ಏನನ್ನೂ ಬಿಚ್ಚುವ ಮೊದಲು ಮುಂದಿನ ಗಾಲಿಯ ಎದುರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದನಂತೆ. ಗಾಲಿ ನಡುವಿಗೆ ಇರಲಿಲ್ಲ, ಒಂದು ಬದಿಗೆ ಸರಿದಿತ್ತು. ಬಿಚ್ಚಿದರೆ ಮೂರು ವಾಷರು ಸಿಕ್ಕವು.

ಮಗ ಮನೆಗೆ ಬಂದವನೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ: "ಕಳ್ಳ ಸಿಕ್ಕ ನೋಡವಾ. ಮುಂದಿನ ಗಾಲ್ಯಾಗ ಒಂದ ಬುಷ್ ಇರಬೇಕ, ಕಬ್ಬಿಣದ್ದು, ಇಷ್ಟ ದಪ್ಪ. ಅದ ಇಲ್ಲ! ವಾಷರ್ ತುರುಕಿ ಕಳಿಸ್ಯಾನ ನಮ್ಮ ಮಾಮಾ. ಅದ ಇಲ್ಲದ್ದಕ್ಕ ಗಾಲಿ ಆಡತೈತಿ."

ಎರಡು ಬೆರಳು ಕೂಡಿಸಿ ಅಳತೆ ತೋರಿಸಿದ. ನನ್ನ ಎದುರಿಗೆ ಬೀಸುಕಲ್ಲು ಇತ್ತು. ಬೆಳಿಗ್ಗೆಯೇ ಅದರಲ್ಲಿ ಜೋಳದ ನುಚ್ಚು ಒಡೆದಿದ್ದೆ.

"ಇವತ್ತ ಹತ್ತರಗಿಗೆ ಹೋಗಿ ಅವಂದೊಂದ ಫೈಸಲಾ ಮಾಡಿ ಬರ್ತೀನಿ" ಅಂದ. "ಬುಷ್ ತಿಂದಾಂವ ಟೈರ್ ಹೊಸಾವ ಕೊಟ್ಟಾನ ಅಂತ ಹೆಂಗ ನಂಬೂದು? ಹಳೇ ಟೈರಿಗೆ ಕರಿ ಬಣ್ಣ ಹಚ್ಚಿ ಕೊಟ್ಟಿರಬೇಕ."

ಆಗ ಹೇಳಬೇಕಾಗಿತ್ತು. ಒಂದು ಕೈಯಿಂದ ಮೇಲಿನ ಕಲ್ಲು ಎತ್ತಿ ಇನ್ನೊಂದು ಕೈಯಿಂದ ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಮಗ ನಾಲ್ಕು ಮಾತು ಬೈಯುತ್ತಿದ್ದ, ಅಷ್ಟೇ. ಆದರೆ ಅವನ ಮೊಣಕೈ ಮೇಲೆ ಗಾಯದ ಹಕ್ಕಳೆ ಇನ್ನೂ ಹಸಿಯಾಗಿತ್ತು. ಅದನ್ನು ನೋಡಿ ತಾಟು ತೆಗೆದೆ.

"ಉಂಡ ಹೋಗು" ಅಂದೆ.

ಅವನು ಕೂತ. ಎರಡು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ನಾನೇ ಬಡಿಸಿದೆ. ಅವನು ಉಂಡು, ಕೈ ತೊಳೆದುಕೊಂಡು, ನಮ್ಮ ಅಳಿಯನ ಮಾನ ತೆಗೆಯಲು ಹೋದ.

ಅಲ್ಲಿ ಏನೇನಾಯಿತು ಎನ್ನುವುದನ್ನು ಅವನೇ ಸಂಜೆ ಬಂದು ದೊಡ್ಡ ದನಿಯಲ್ಲಿ ಹೇಳಿದ. ಅಂಗಡಿಯ ಮುಂದೆ ಲಾರಿಗಳು ನಿಂತಿದ್ದವಂತೆ, ಪಕ್ಕದ ಚಹಾದ ಗುಡಿಸಲಿನಲ್ಲಿ ಮಂದಿ ಕೂತಿದ್ದರಂತೆ. ಎಲ್ಲರ ಮುಂದೆ ಹಳೇ ಟೈರಿಗೆ ಬಣ್ಣ ಹಚ್ಚುವವನು, ಸಾಮಾನು ಕದಿಯುವವನು, ಕೈಯಲ್ಲಿ ಗುಣ ಇಲ್ಲದವನು ಎಂದು ಅಂದನಂತೆ. ಅಕ್ಕನ ಗಂಡನಿಗೆ ಅನ್ನುವ ಮಾತಲ್ಲ ಅವು.

"ಅವರೇನಂದ್ರು?" ಎಂದು ಕೇಳಿದೆ.

"ಏನಂತಾನ? ಬುಷ್ ಬೆಳಗಾವಿಯಿಂದ ತರಸಾಕ ಹೇಳೀನಿ, ಬಂದ ಕೂಡ್ಲೆ ಕಳಸಾಂವ ಇದ್ದೆ ಅಂದ. ಸಿಕ್ಕಬಿದ್ದ ಮ್ಯಾಲ ಎಲ್ಲಾರೂ ಹಂಗ ಅಂತಾರ."

ಪಂಚಮಿಗೆ ಎಂಟ್ಹತ್ತು ದಿನ ಉಳಿದಿದ್ದವು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರದಿದ್ದರೆ ಅದು ಸಣ್ಣ ಮಾತಲ್ಲ. ನಾನು ಎಳ್ಳಿನ ಉಂಡಿ, ಶೇಂಗಾದ ಉಂಡಿ ಕಟ್ಟಿದ್ದೆ. ಕಿರಾಣಿ ಅಂಗಡಿಗೆ ಫೋನು ಬಂತು. ಮಗಳು ಎರಡೇ ಮಾತು ಹೇಳಿದಳು: "ಈ ಸಲ ಬರೂದಿಲ್ಲವಾ. ಅವರ ಬ್ಯಾಡ ಅಂದಿಲ್ಲ, ನಾನ ಬರೂದಿಲ್ಲ."

ಮರುದಿನ ಮಗ ಕೆಲಸಕ್ಕೆ ಹೋದ ಮೇಲೆ ಮೇಲಿನ ಕಲ್ಲು ಎತ್ತಿದೆ. ಬಳೆ ಹಿಟ್ಟು ಮೆತ್ತಿಕೊಂಡು ಬೆಳ್ಳಗಾಗಿತ್ತು, ಗೂಟಕ್ಕೆ ಬಿಗಿಯಾಗಿ ಕೂತಿತ್ತು. ಸವಟಿನ ತುದಿಯಿಂದ ಎಬ್ಬಿಸಿ ತೆಗೆದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ಗೋಕಾಕದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಹತ್ತರಗಿಗೆ ನಾನೊಬ್ಬಳೇ ಹೋದದ್ದು ಅದೇ ಮೊದಲು. ಮನೆಗೆ ಹೋಗಲಿಲ್ಲ, ನೆಟ್ಟಗೆ ಅಂಗಡಿಗೆ ಹೋದೆ.

ಅವನು ತೊಟ್ಟಿಯ ಮುಂದೆ ಕೂತು ಟ್ಯೂಬು ನೀರಿನಲ್ಲಿ ಒತ್ತಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದ. ನನ್ನ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ. ಗಾಬರಿಯಿಂದ ಎದ್ದು ನಿಂತ. ನನ್ನ ಹಿಂದೆ ಮಗಳು ಇದ್ದಾಳೇನೋ ಎಂದು ನೋಡಿದ. ಮಗಳಿಲ್ಲದೆ ನಾವಿಬ್ಬರೂ ಎಂದೂ ಎದುರುಬದುರಾಗಿರಲಿಲ್ಲ.

"ಅತ್ತಿಯವರ, ಮನ್ಯಾಗ ಯಾರಿಗೇನಾತ್ರಿ?"

"ಯಾರಿಗೂ ಏನಾಗಿಲ್ಲ. ಇದನ್ನ ತಗೋರಿ."

ಬಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದ. ಒಳಗಿನ ಹಿಟ್ಟನ್ನು ಆ ಕಪ್ಪು ಉಗುರಿನಿಂದ ಕೆರೆದ.

"ಬೀಸುಕಲ್ಲಿನ್ಯಾಗ ಇತ್ತು" ಅಂದೆ. "ನಾನ ಎತ್ಕೊಂಡಿದ್ದೆ. ರವಾ ಮಾಡಾಕ. ಅವತ್ತ ಆಕಿ ಕೇಳಿದಾಗ ಕಂಡಿಲ್ಲ ಅಂತ ಸುಳ್ಳ ಹೇಳಿದೆ."

ಅವನು ಉಗುರಿಗೆ ಮೆತ್ತಿದ ಹಿಟ್ಟನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ "ಸಜ್ಜಕ ಛಲೋ ಆಗಿತ್ರಿ" ಅಂದ. ನಗಲಿಲ್ಲ.

"ನನ್ನ ತಪ್ಪೂ ಐತ್ರಿ" ಅಂದ ಆಮೇಲೆ. "ಬುಷ್ ಇಲ್ಲದ ಗಾಲಿ ಕೂಡಸಬಾರದಿತ್ತು. ಇನ್ನೊಮ್ಮೆ ಕೇಳಬೇಕಿತ್ತು. ಮಾವನ ಮನ್ಯಾಗ ಒಂದ ಸಾಮಾನ ಎರಡ ಸಲ ಕೇಳಿದ್ರ ಕಳವಿನ ಮಾತ ಆಗತೈತಿ ಅಂತ ಬಾಯಿ ಮುಚ್ಚಿದೆ. ತಮ್ಮಾ ಬಿದ್ದದ್ದಕ್ಕ ನಾನೂ ಕಾರಣ. ಅದನ್ನ ಒಪ್ಪತೀನಿ."

"ಇಲ್ರಿ, ಎಲ್ಲಾ ನಂದ."

"ಹಂಗಾದ್ರ ಹೇಳ್ರಿ." ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ಇಲ್ಲಿ ಬಂದ ಹೇಳ್ರಿ, ನಿಮ್ಮ ಮಗನ ಜೋಡಿ ಬಂದು. ಬುಷ್ ಮಾತ ಬಿಡ್ರಿ, ಹಳೇ ಟೈರಿಗೆ ಬಣ್ಣ ಹಚ್ಚತೀನಿ ಅಂದ್ರಲ್ಲ, ಅದನ್ನ ಈ ಚಹಾದಾಂವ ಕೇಳ್ಯಾನ, ಡ್ರೈವರ್ ಮಂದಿ ಕೇಳ್ಯಾರ. ಈ ರಸ್ತಾದಾಗ ನನ್ನ ಕಡೆ ಇರೂದ ನನ್ನ ಕೈ ಒಂದ. ಅದರ ಮ್ಯಾಲ ಮಾತ ಬಂದ್ರ ನಾ ಏನ ತಿನ್ನಬೇಕು?"

ಅವನು ಬೇಡ ಬಿಡಿ ಅನ್ನುತ್ತಾನೆ ಎಂದುಕೊಂಡು ಹೋಗಿದ್ದೆ. ದೊಡ್ಡ ಮನಸ್ಸು ಮಾಡಿ ಮುಚ್ಚಿಹಾಕುತ್ತಾನೆ, ನಾನು ಹಗುರಾಗಿ ಮನೆಗೆ ಬರಬಹುದು ಎಂದುಕೊಂಡಿದ್ದೆ. ಅವನು ಬಿಡಲಿಲ್ಲ.

"ಹೇಳ್ತೀನಿ" ಅಂದೆ.

ಹತ್ತು ಹೆಜ್ಜೆ ಆಚೆ ಚಹಾದವನು ಸ್ಟೋವು ಪಂಪು ಹೊಡೆಯುತ್ತಿದ್ದ. ನನ್ನನ್ನೇ ನೋಡುತ್ತಿದ್ದ. ಅವನಿಗೆ ಅವತ್ತೇ, ಅಲ್ಲೇ ಹೇಳಬಹುದಿತ್ತು. ಗೋಕಾಕದ ಬಸ್ಸು ಬಂತು, ಹತ್ತಿಬಿಟ್ಟೆ. ಅಷ್ಟರಲ್ಲಿ ಅಳಿಯ ಬಳೆಯನ್ನು ತೊಳೆದು, ಗ್ರೀಸು ಹಚ್ಚಿ, ಕಾಗದದಲ್ಲಿ ಸುತ್ತಿ ಕಿಟಕಿಯಲ್ಲಿ ಕೊಟ್ಟ. "ವಾಷರ್ ಎಲ್ಲಾ ತಗಸ್ರಿ" ಅಂದ.

ಈಗ ಬರೆಯುವುದು ಮೊದಲಿನ ಸುಳ್ಳಿಗಿಂತ ಕೆಟ್ಟದ್ದು.

ಮನೆಗೆ ಬಂದು ಮಗನ ಕೈಗೆ ಆ ಪೊಟ್ಟಣ ಇಟ್ಟೆ. "ಎಲ್ಲಿ ಸಿಕ್ತವಾ?" ಅಂದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು: "ಅಂಗಳಾ ಕಸ ಹೊಡೀವಾಗ ಸಿಕ್ತು. ಬೇವಿನ ಬುಡಕ್ಕ. ತೊಳದ ಗ್ರೀಸ್ ಹಚ್ಚಿಟ್ಟೆ."

"ನೋಡು! ನಾ ಏನಂದಿದ್ದೆ? ಚೆಲ್ಲಿ ಹೋಗ್ಯಾನ, ಹುಡುಕೇ ಇಲ್ಲ ಮಗ" ಅಂದ.

ಬಳೆ ಹಾಕಿಸಿದ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿತು. ಎರಡೂ ಕೈ ಬಿಟ್ಟರೂ ಸೀದಾ ಹೋಗುತ್ತದೆ ಎಂದ. ಅಂದರೆ ಟೈರು ಹೊಸವೇ, ಒಳ್ಳೆಯವೇ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವನದು ಊರೂರು ತಿರುಗುವ ಕೆಲಸ. ಎಮ್ಮೆಯ ಬಾಲ ಹಿಡಿದು ನಿಂತ ಮನೆಮನೆಯಲ್ಲೂ ತನ್ನ ಗಾಯ ತೋರಿಸಿ ಕತೆ ಹೇಳಿದ: "ಟೈರ್ ಹಾಕಸಬೇಕಾದ್ರ ಬೀಗಸ್ತನಾ ನೋಡಬ್ಯಾಡ್ರಿ." ನಮ್ಮ ಕಡೆಯ ಟ್ರ್ಯಾಕ್ಟರಿನವರು ಕಬ್ಬು ಸಾಗಿಸುವ ದಿನಗಳಲ್ಲಿ ಟ್ರಾಲಿಯ ಟೈರನ್ನು ನನ್ನ ಅಳಿಯನ ಹತ್ತಿರ ಹಾಕಿಸುತ್ತಿದ್ದರು. ಅವರು ಬೇರೆ ಅಂಗಡಿ ನೋಡಿಕೊಂಡರು. ಒಬ್ಬನು ನನಗೇ ಬಂದು ಹೇಳಿದ, "ಯವ್ವಾ, ನಿಮ್ಮ ಅಳಿಯ ಅಂತ ಹೋಗ್ತಿದ್ವಿ. ನಿಮ್ಮ ಮಗಾನ ಹಿಂಗ ಅಂದ ಮ್ಯಾಲ ನಾವ್ಯಾಕ ಹೋಗೂದು?" ನಾನು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಮಜ್ಜಿಗೆ ಕೊಡುವುದು ಸುಲಭ.

ಪಂಚಮಿಯ ಮರುದಿನ ಮಗಳು ಬಂದಳು. ಹೊಸ ಸೀರೆ ಇಲ್ಲ, ಚೀಲ ಇಲ್ಲ. ಸೊಂಟದ ಮೇಲೆ ಮೊಮ್ಮಗಳು, ಅಷ್ಟೇ. ಕಾಲಿಗೆ ನೀರು ಕೊಟ್ಟರೆ ತಗೊಳ್ಳಲಿಲ್ಲ. ಅಂಗಳದಲ್ಲೇ ನಿಂತಳು. ಮಗ ಕಟ್ಟೆಯ ಮೇಲೆ ಕೂತು ಸೂಜಿಯ ಸಾಮಾನು ಒರೆಸುತ್ತಿದ್ದ.

"ಅವ್ವಾ, ನೀ ಇವಗ ಹೇಳೀಯೋ ಇಲ್ಲೋ?"

"ಒಳಗ ಬಾ, ಮೊದಲ ಉಂಡಿ ತಿನ್ನು."

"ನಿನ್ನ ಉಂಡಿ ಮನಿಗೆ ಬೆಂಕಿ ಬೀಳಲಿ. ಹೇಳೀಯೋ ಇಲ್ಲೋ?"

"ಏನ ಹೇಳೂದು?" ಎಂದ ಮಗ, ತಲೆ ಎತ್ತಿ.

ಮಗಳು ನನ್ನ ಮುಖವನ್ನೇ ನೋಡುತ್ತ ನಿಂತಳು. ತಾನು ಹೇಳಲಿಲ್ಲ. ಹೇಳಬಹುದಿತ್ತು, ಗಂಡನಿಂದ ಎಲ್ಲ ಗೊತ್ತಾಗಿತ್ತು ಅವಳಿಗೆ. ನನ್ನ ಬಾಯಿಂದಲೇ ಬರಲಿ ಎಂದು ಬಿಟ್ಟಳು. ಮೊಮ್ಮಗಳು ನನ್ನ ಕೈಯಲ್ಲಿದ್ದ ಉಂಡಿಯ ಕಡೆ ಕೈ ಚಾಚಿತು, ಅವಳು ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡಳು.

ಅದನ್ನು ನೋಡಿ ಹೇಳಿದೆ. ಬಳೆ ಎತ್ತಿದ್ದು, ಕೇಳಿದಾಗ ಇಲ್ಲ ಅಂದದ್ದು, ಹುಕ್ಕೇರಿಯಿಂದ ಬಂದು ಹೇಳಿದಾಗ ಗೊತ್ತಾದದ್ದು, ಕಸದಲ್ಲಿ ಸಿಕ್ಕಿತು ಅಂದದ್ದು. ಒಂದೂ ಬಿಡದೆ ಹೇಳಿದೆ.

ಮಗ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಅರಿವೆಯನ್ನು ಕೆಳಗಿಟ್ಟ.

"ಅವತ್ತ ನಾ ಉಂಡ ಹೋದ್ನಲ್ಲವಾ" ಅಂದ. "ನಿನಗ ಗೊತ್ತಿತ್ತು. ಗೊತ್ತಿದ್ದೂ ಬಡಿಸಿದಿ."

ನಾನು ಕೈಯಲ್ಲಿದ್ದ ಉಂಡಿಯನ್ನು ಕಟ್ಟೆಯ ಮೇಲೆ ಇಟ್ಟೆ.

"ನಡಿ" ಅಂದ, ಗಾಡಿ ತಿರುಗಿಸಿ. "ಹತ್ತು. ಇಬ್ರೂ ಹೋಗೂನು."

ಮಗಳು ಮೊಮ್ಮಗಳನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದಳು. ಮೋಟಾರ್ ಸೈಕಲ್ಲಿನ ಹಿಂದೆ ನಾನು ಎಂದೂ ಕೂತವಳಲ್ಲ. ಕೂತೆ. ಗಾಡಿ ಎಲ್ಲಿಯೂ ನಡುಗಲಿಲ್ಲ.

ಹತ್ತರಗಿಯಲ್ಲಿ ಇಳಿದಾಗ ನನಗೆ ಜಾಗ ತಪ್ಪಿತೇನೋ ಅನಿಸಿತು. ಚಹಾದ ಗುಡಿಸಲು ಇರಲಿಲ್ಲ. ರಸ್ತೆ ಅಗಲ ಮಾಡುವವರು ಅದನ್ನು ಕಿತ್ತುಹಾಕಿದ್ದರು, ಅಲ್ಲಿ ಕೆಂಪು ಮಣ್ಣಿನ ರಾಶಿ ಬಿದ್ದಿತ್ತು. ಚಹಾದವನು ಎಲ್ಲಿಗೆ ಹೋದ ಎಂದು ಕೇಳಿದೆ. ಸಂಕೇಶ್ವರದ ಕಡೆ ಹೋದನಂತೆ, ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಮಗ ಬೈದ ದಿನ ನಿಂತಿದ್ದ ಲಾರಿಗಳು ಯಾವ ದೇಶದಲ್ಲಿದ್ದವೋ. ಅಂಗಡಿಯ ಮುಂದೆ ಇದ್ದವರು ಇಬ್ಬರು, ಡ್ರೈವರು ಮತ್ತು ಕ್ಲೀನರು. ಮೊದಲ ಸಲ ಅಲ್ಲಿ ನಿಂತವರು.

ಮಾತು ಕೊಟ್ಟಿದ್ದೆ. ಅವರ ಮುಂದೆಯೇ ನಿಂತು ಹೇಳಿದೆ. "ನೋಡ್ರಪಾ, ಇವರ ಕೆಲಸದಾಗ ಏನೂ ಖೋಟ ಇಲ್ಲ. ಇವರ ಕೊಟ್ಟದ್ದು ಹೊಸಾ ಟೈರ. ಬುಷ್ ಕದ್ದಾಕಿ ನಾನು."

ಡ್ರೈವರು ನನ್ನನ್ನು ನೋಡಿ, ಮಗನನ್ನು ನೋಡಿ, "ಯಾವ ಬುಷ್ ಅಜ್ಜಿ? ನಮ್ದ ಪಂಕ್ಚರ್ ಐತಿ" ಅಂದ. ಕ್ಲೀನರು ಮುಖ ತಿರುಗಿಸಿ ನಕ್ಕ.

ಮಗ "ಮಾಮಾ, ನಂದ ಬಾಯಿ ತಪ್ಪಾತ್ರಿ" ಎಂದು ಅಳಿಯನ ಕಾಲು ಮುಟ್ಟಲು ಬಗ್ಗಿದ. ಅಳಿಯ ಎರಡು ಹೆಜ್ಜೆ ಹಿಂದೆ ಸರಿದ. ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಇತ್ತು.

"ಆತು ಬಿಡ್ರಿ" ಅಂದ. "ಬಂದ್ರಲ್ಲ. ಮನಿಗೆ ನಡೀರಿ, ಇದೊಂದ ಮುಗಿಸಿ ಬರ್ತೀನಿ." ಮತ್ತೆ ಕುಕ್ಕರುಗಾಲಲ್ಲಿ ಕೂತು ಪಟ್ಟಿಯನ್ನು ರಿಮ್ಮಿಗೆ ಸಿಕ್ಕಿಸಿದ.

ಮಗ ಆಮೇಲೆ ಹೋದ ಊರಿನಲ್ಲೆಲ್ಲ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡ, ಅದು ಖರೆ. ಆದರೆ ಮೊದಲನೆಯ ಮಾತನ್ನು ಮಂದಿ ಕೇಳಿದ ಹಾಗೆ ಎರಡನೆಯದನ್ನು ಕೇಳಲಿಲ್ಲ. ಬೇರೆ ಅಂಗಡಿ ಹಿಡಿದ ಟ್ರ್ಯಾಕ್ಟರಿನವರು ಅಲ್ಲೇ ಉಳಿದರು. "ಹೆಂಗೂ ರೂಢಿ ಆಗೇತಿ" ಅಂದರು. ಅಳಿಯನ ಅಂಗಡಿ ಮುಚ್ಚಲಿಲ್ಲ, ಹೆದ್ದಾರಿಯ ಲಾರಿಗಳು ಅವನನ್ನು ಉಳಿಸಿದವು. ನಾವು ಉಳಿಸಲಿಲ್ಲ.

ಅವನು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಹಬ್ಬಕ್ಕೆ ಬಂದ, ಮಗನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದ. ನನ್ನ ಜೊತೆ ಈಗ ನೇರವಾಗಿಯೇ ಮಾತಾಡುತ್ತಾನೆ, "ಅತ್ತಿ, ಮಂಡಿ ನೋವ ಹೆಂಗೈತ್ರಿ" ಎಂದು ಕೇಳುತ್ತಾನೆ. ಏನು ಬಡಿಸಿದರೂ ಉಣ್ಣುತ್ತಾನೆ. ಆದರೆ ಅಂಗಳದಲ್ಲಿ ನಿಂತ ಗಾಡಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಒಂದು ಸಲ ಮಗ ಬೇಕೆಂದೇ, ಅವನಿಗೆ ಮಾನ ಕೊಡಬೇಕೆಂದೇ ಕೇಳಿದ: "ಮಾಮಾ, ಹಿಂದಿನ ಟೈರ್ ಸವದೈತಿ ಅನಸತೈತಿ. ನೋಡ್ತೀರೇನ್ರಿ?"

ಅವನು ತೊಳೆದ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದ.

"ಮೂಡಲಗ್ಯಾಗ ಛಲೋ ಮಿಸ್ತ್ರಿ ಅದಾರಲ್ಲರಿ" ಅಂದ.

ಮಗ ಮೂಡಲಗಿಗೆ ಹೋಗಿ ಹಾಕಿಸಿಕೊಂಡು ಬಂದ.